ರಜಾದಿನವನ್ನು ಹಾಸಿಗೆಗೆ ಕೊಡಬೇಡಿ: ದುಬೈಗೆ ಹೊರಟ ನಮ್ಮ ಕಡೆಯವರಿಗೆ

ಕಲಬುರಗಿಗೆ ರಜೆಗೆ ಬಂದಾಗಲೆಲ್ಲ ದುಬೈಗೆ ಹೊರಟು ನಿಂತವರು ಮನೆಗೆ ಬಂದು ಕೂರುತ್ತಾರೆ. ಆಳಂದ, ಹುಮನಾಬಾದ, ಶಹಾಪುರ, ಸುರಪುರ, ಎಲ್ಲ ಕಡೆಯವರೂ ಇರುತ್ತಾರೆ. ಸಂಬಳದಲ್ಲಿ ಎಷ್ಟು ಉಳಿಯುತ್ತದೆ, ರೂಮು ಎಲ್ಲಿ ಸಿಗುತ್ತದೆ, ಹೈದರಾಬಾದಿನಿಂದ ಟಿಕೆಟ್ ಯಾವಾಗ ಅಗ್ಗ ಎಂದೆಲ್ಲ ಬಿಡಿಬಿಡಿಯಾಗಿ ಕೇಳುತ್ತಾರೆ. ವಾರದ ರಜೆಯ ದಿನ ಅಲ್ಲಿ ಏನು ಮಾಡಬೇಕು ಎಂದು ಕೇಳುವವರಿಲ್ಲ. ಆ ಕೇಳದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಮೊದಲ ವರ್ಷದಲ್ಲೇ ಮನಸ್ಸು ಕುಗ್ಗಿ ಊರಿಗೆ ಮರಳಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೆಲಸವನ್ನು ಹೇಗೋ ನಿಭಾಯಿಸಿದ್ದರು; ಅವರನ್ನು ತಿಂದದ್ದು ರಜೆಯ ದಿನ.

ಅದು ಹೇಗೆಂದು ಹೇಳುತ್ತೇನೆ. ಬೆಡ್‌ಸ್ಪೇಸ್ ಎಂದರೆ ಒಂದು ಕೋಣೆಯಲ್ಲಿ ಆರೆಂಟು ಜನರ ನಡುವೆ ನಿಮ್ಮ ಪಾಲಿಗೆ ಒಂದು ಮಂಚ ಮತ್ತು ಅದರ ಮುಂದೆ ಒಂದು ಪರದೆ. ರಜೆಯ ದಿನ ತಡವಾಗಿ ಎಚ್ಚರವಾಗುತ್ತದೆ. ಪರದೆ ಸರಿಸದೆಯೇ ಮೊಬೈಲ್ ಕೈಗೆ ಬರುತ್ತದೆ. ವಾಟ್ಸ್‌ಆ್ಯಪ್ ಕರೆ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಬೋಟಿಮ್ ಎಂಬ ಆ್ಯಪ್‌ನಲ್ಲಿ ಅವ್ವನಿಗೆ ಕರೆ ಹೋಗುತ್ತದೆ. ಊಟ, ಬಟ್ಟೆ ಒಗೆತ, ಮತ್ತೆ ನಿದ್ದೆ. ಸಂಜೆಯ ಹೊತ್ತಿಗೆ ಎದೆ ಭಾರವಾಗುತ್ತದೆ. ಹೊರಗೆ ಹೋಗೋಣ ಬನ್ನಿ ಎಂದು ಕರೆದರೆ, ‘ಸಾಲ ತೀರಲಿ ಅಣ್ಣ, ಆಮೇಲೆ ನೋಡೋಣ’ ಎಂಬ ಉತ್ತರ. ಒಂದು ಚಹಾದ ಬೆಲೆಯನ್ನೂ ರೂಪಾಯಿಗೆ ಗುಣಿಸಿ ನೋಡುವ ಕಾಲ ಅದು, ನನಗೆ ತಿಳಿದಿದೆ. ಆದರೆ ಸಾಲ ತೀರುವುದಕ್ಕೆ ಎರಡು ವರ್ಷವಾದರೂ ಬೇಕು. ಅಷ್ಟು ದಿನ ಮಂಚದ ಮೇಲೆ ಕಳೆಯುವುದು ಬೇಡ. ಸಾಲ ತೀರಿಸುತ್ತಲೇ ದೇಶ ನೋಡಬಹುದು. ಹೆಚ್ಚಿನ ತಿರುಗಾಟಕ್ಕೆ ಒಂದು ಹೊತ್ತಿನ ಹೋಟೆಲ್ ಊಟದಷ್ಟು ಖರ್ಚೂ ಬರುವುದಿಲ್ಲ.

ಮೊದಲು ನಿಮ್ಮ ರಜೆ ಯಾವ ದಿನ ಎಂದು ತಿಳಿದುಕೊಳ್ಳಿ. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ಖಾಸಗಿ ಕಂಪನಿಗಳಲ್ಲಿ, ಅದರಲ್ಲೂ ನಿರ್ಮಾಣ ಕೆಲಸದವರಿಗೆ, ಒಂದೇ ದಿನದ ರಜೆ ಸಾಮಾನ್ಯ. ಅದು ಭಾನುವಾರವಾದರೆ ಮೆಟ್ರೊ ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತದೆ ಎಂಬುದು ನೆನಪಿರಲಿ. ಮೆಟ್ರೊ, ಬಸ್ಸಿಗೆ ಹಣ ಕಟ್ಟುವ ನೋಲ್ ಕಾರ್ಡನ್ನು ಇಳಿದ ದಿನವೇ ತೆಗೆದುಕೊಳ್ಳಿ. ಬೆಳ್ಳಿ ಬಣ್ಣದ ಕಾರ್ಡಿಗೆ 25 ದಿರ್ಹಮ್, ಅದರಲ್ಲಿ 19 ನಿಮ್ಮ ಪ್ರಯಾಣಕ್ಕೇ ಸಿಗುತ್ತದೆ. ಒಂದು ವಲಯದೊಳಗೆ 3 ದಿರ್ಹಮ್, ಎರಡು ವಲಯಕ್ಕೆ 5, ಅದಕ್ಕೂ ಮೀರಿದರೆ 7.50. ಇಡೀ ದಿನ ಸುತ್ತುವ ಮನಸ್ಸಿದ್ದರೆ 20 ದಿರ್ಹಮ್‌ಗೆ ದಿನದ ಪಾಸ್ ಇದೆ.

ಮೊದಲ ರಜೆಗೆ ಎಲ್ಲಿಗೆ ಹೋಗಬೇಕು ಎಂದರೆ ನನ್ನ ಉತ್ತರ ಒಂದೇ: ಕ್ರೀಕ್, ಅಂದರೆ ಊರ ನಡುವೆ ಹಾದುಬಂದ ಕಡಲ ಹಿನ್ನೀರು. 828 ಮೀಟರ್‌ನ ಬುರ್ಜ್ ಖಲೀಫಾ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಹೇಗಿದ್ದರೂ ರಸ್ತೆಯಿಂದಲೇ ದಿನವೂ ಕಾಣುತ್ತೀರಿ. ಮೆಟ್ರೊದ ಗ್ರೀನ್ ಲೈನ್ ಹಿಡಿದು ಅಲ್ ಗುಬೈಬಾದಲ್ಲಿ ಇಳಿದು ನೀರಿನ ಕಡೆಗೆ ನಡೆಯಿರಿ. ದಂಡೆಯಲ್ಲಿ ಅಬ್ರಾ ಎಂಬ ಮರದ ದೋಣಿಗಳು ಸಾಲಾಗಿ ನಿಂತಿರುತ್ತವೆ. ದೋಣಿಯ ನಡುವೆ ಉದ್ದಕ್ಕೂ ಒಂದು ಹಲಗೆ. ಜನ ಬೆನ್ನಿಗೆ ಬೆನ್ನು ಕೊಟ್ಟು ಎರಡೂ ಕಡೆ ನೀರಿಗೆ ಮುಖ ಮಾಡಿ ಕೂರುತ್ತಾರೆ. ದೋಣಿ ನಡೆಸುವವನು ಮಧ್ಯದ ತಗ್ಗಿನಲ್ಲಿ ನಿಂತಿರುತ್ತಾನೆ. ದಂಡೆ ಬಿಟ್ಟ ಮೇಲೆ ಕೈಯಿಂದ ಕೈಗೆ ನಾಣ್ಯಗಳು ಅವನತ್ತ ಸಾಗುತ್ತವೆ, ಒಬ್ಬರಿಗೆ ಒಂದು ದಿರ್ಹಮ್. ಕಾರ್ಡ್ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಎಂಜಿನ್ನಿನ ಸದ್ದು, ಡೀಸೆಲ್ ವಾಸನೆ, ಕಾಲ ಬುಡದಲ್ಲೇ ನೀರು. ಚಳಿಗಾಲವಾದರೆ ಕಡಲಹಕ್ಕಿಗಳು ತಲೆಯ ಮೇಲೇ ಹಾರುತ್ತವೆ. ಆಚೆ ದಡ ದೇರಾ. ಅಲ್ಲಿ ಮಸಾಲೆ ಸೂಕ್‌ನ (ಸೂಕ್ ಎಂದರೆ ಪೇಟೆ) ಓಣಿಗಳಲ್ಲಿ ಕೇಸರಿ, ಒಣಗಿಸಿದ ನಿಂಬೆ, ಗುಲಾಬಿ ಮೊಗ್ಗುಗಳ ಚೀಲಗಳ ನಡುವೆ ನಡೆಯಬಹುದು. ಮುಂದೆ ಹೋದರೆ ಚಿನ್ನದ ಸೂಕ್. ನೋಡುವುದಕ್ಕೆ ಕಾಸು ಕೇಳುವವರಿಲ್ಲ. ನಮ್ಮ ಕಡೆಯವರಿಗೆ ಇಲ್ಲೊಂದು ಅನುಕೂಲವಿದೆ: ಕಲಬುರಗಿ, ಬೀದರದಲ್ಲಿ ಬೆಳೆದವರಿಗೆ ದಖ್ಖನಿ ಉರ್ದು ಕಿವಿಗೆ ಬಿದ್ದೇ ಇರುತ್ತದೆ. ಪೇಶಾವರದ ಟ್ಯಾಕ್ಸಿ ಚಾಲಕನೊಂದಿಗೂ ಹೈದರಾಬಾದಿನ ಅಂಗಡಿಯವನೊಂದಿಗೂ ಮೊದಲ ದಿನದಿಂದಲೇ ಮಾತು ನಡೆಯುತ್ತದೆ. ಮಾತು ಬಲ್ಲವರು ಹಿಂಜರಿಯಬಾರದು.

ಮರಳಿ ಬರ್ ದುಬೈ ದಡಕ್ಕೆ ಬಂದು ಅಲ್ ಫಹೀದಿಯ ಹಳೆಯ ಮನೆಗಳ ನಡುವೆ ನಿಂತು ತಲೆಯೆತ್ತಿ ನೋಡಿ. ಮಾಳಿಗೆಯ ಮೇಲೆ ಚೌಕಾಕಾರದ ಗೋಪುರಗಳಿವೆ, ಅವು ಬರ್ಜೀಲ್‌ಗಳು. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಕರೆಂಟ್ ಇಲ್ಲದ ಕಾಲದಲ್ಲಿ ಆ ಸೆಕೆಯಲ್ಲಿ ಜನ ಬದುಕಿದ್ದು ಹೀಗೆ.

ಸೆಕೆಯ ಮಾತು ಬಂದಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಲಬುರಗಿಯ ಮೇ ತಿಂಗಳು ಕಂಡವರಿಗೆ ದುಬೈ ಬಿಸಿಲು ಯಾವ ಲೆಕ್ಕ ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ಆ ಮಾತನ್ನು ನಂಬಬೇಡಿ. ನಮ್ಮದು ಒಣ ಬಿಸಿಲು. ಬೆವರು ಆರುತ್ತದೆ, ಬೇವಿನ ನೆರಳಿಗೆ ಹೋದರೆ ಜೀವ ಬರುತ್ತದೆ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಸಮುದ್ರದ ತೇವ ಗಾಳಿಯಲ್ಲಿ ತುಂಬಿರುತ್ತದೆ. ಬೆವರು ಆರದೆ ಮೈಯ ಕಾವು ಇಳಿಯುವುದಿಲ್ಲ, ನೆರಳಿದ್ದೂ ಪ್ರಯೋಜನವಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ದುಡಿಸಿಕೊಳ್ಳುವುದನ್ನು ಸರ್ಕಾರವೇ ನಿಷೇಧಿಸಿದೆ. ಆ ಹೊತ್ತಿನಲ್ಲಿ ವಿಹಾರಕ್ಕೆಂದು ಹೊರಬೀಳಬೇಡಿ. ಊರು ಸುತ್ತುವ ಕಾಲ ನವೆಂಬರ್‌ನಿಂದ ಮಾರ್ಚ್.

ಬೇಸಿಗೆಗೆ ನಾನು ಎಲ್ಲರಿಗೂ ಹೇಳುವ ಜಾಗ ಮಾಲ್ ಅಲ್ಲ, ಗ್ರಂಥಾಲಯ. ಅಲ್ ಜದ್ದಾಫ್‌ನಲ್ಲಿ ಕ್ರೀಕ್ ದಂಡೆಗೆ 2022ರಲ್ಲಿ ತೆರೆದ ಮೊಹಮ್ಮದ್ ಬಿನ್ ರಶೀದ್ ಗ್ರಂಥಾಲಯವಿದೆ. ಕುರ್‌ಆನ್ ಇಟ್ಟು ಓದುವ ಮರದ ರೆಹಾಲಿನ ಆಕಾರದಲ್ಲಿ ಇಡೀ ಕಟ್ಟಡವನ್ನೇ ಕಟ್ಟಿದ್ದಾರೆ. ಒಳಗೆ ತಂಪು, ಮೌನ, ಕುಳಿತು ಓದಲು ಬೇಕಾದಷ್ಟು ಜಾಗ, ಪ್ರವೇಶಕ್ಕೆ ಹಣವಿಲ್ಲ. ಬೀದರದವರು ಅಲ್ಲಿ ನಿಂತಾಗ ಮಹಮೂದ್ ಗವಾನನ ಮದರಸಾ ನೆನಪಾಗದೆ ಇರದು. ಪರ್ಶಿಯಾದ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದ ಪರದೇಶಿ ಅವನು. ಬೀದರದಲ್ಲೇ ನೆಲೆನಿಂತು, ಬಹಮನಿ ಸುಲ್ತಾನರ ಮಂತ್ರಿಯಾಗಿ, 1472ರ ಹೊತ್ತಿಗೆ ಆ ಮದರಸಾ ಕಟ್ಟಿಸಿ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಇರಿಸಿದ. ಪರೀಕ್ಷೆಗೆ ಓದುತ್ತಿರುವವರು, ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೆನ್ನುವವರು ಬೇಸಿಗೆಯ ರಜೆಗಳನ್ನು ಗ್ರಂಥಾಲಯದಲ್ಲೇ ಕಳೆಯಿರಿ.

ಚಳಿ ಬಿದ್ದ ಮೇಲೆ ದೂರದ ಊರುಗಳು. ಒಂದನ್ನೇ ನೋಡುವುದಾದರೆ ಅಲ್ ಐನ್ ನೋಡಿ, ಬೀದರದವರಂತೂ ತಪ್ಪಿಸಲೇಬಾರದು. ಗುಬೈಬಾ ಬಸ್ ನಿಲ್ದಾಣದಿಂದ ನೇರ ಬಸ್ಸಿದೆ, ಎರಡು ಗಂಟೆಯ ದಾರಿ. ಊರ ನಡುವೆ ಖರ್ಜೂರದ ತೋಟ; ಸುಮಾರು 1,47,000 ಮರಗಳು, ಪ್ರವೇಶ ಉಚಿತ. ಗೇಟು ದಾಟಿದ ಕೂಡಲೇ ಬಿಸಿಲು ಹಿಂದೆ ಉಳಿಯುತ್ತದೆ. ಎರಡೂ ಕಡೆ ಮಣ್ಣಿನ ಬಣ್ಣದ ಗಿಡ್ಡ ಗೋಡೆ, ನಡುವೆ ಸಣ್ಣ ದಾರಿ, ಗೋಡೆಯಾಚೆ ಮೊಣಕಾಲೆತ್ತರದ ಕಾಲುವೆಗಳಲ್ಲಿ ನೀರು. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದಲ್ಲಿ ಇಳಿಜಾರಿನ ಬಲದಿಂದಲೇ ತೋಟದವರೆಗೆ ತರುವ ಈ ಏರ್ಪಾಡಿಗೆ ಅಲ್ಲಿ ಫಲಜ್ ಎನ್ನುತ್ತಾರೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಸಣ್ಣ ತೂಬುಗಳನ್ನು ತೆಗೆದು ಮುಚ್ಚಿ ಹಂಚುತ್ತಾರೆ. ಯುನೆಸ್ಕೊ 2011ರಲ್ಲಿ ಅಲ್ ಐನ್‌ನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದರದ ನೌಬಾದಿನ ಸುರಂಗ ಬಾವಿ ಇದೇ ವಿದ್ಯೆ. ಬಹಮನಿಗಳ ಕಾಲದಲ್ಲಿ ಪರ್ಶಿಯಾದ ಕಡೆಯಿಂದ ಬಂದ ಬಲ್ಲವರು ಕೆಂಪು ಜಂಬಿಟ್ಟಿಗೆಯ ನೆಲ ಕೊರೆದು, ಗಾಳಿ ಬೆಳಕಿಗೆಂದು ಸಾಲಾಗಿ ಬಾವಿಗಳನ್ನು ತೋಡಿ, ಒಳಗೊಳಗೇ ನೀರು ಹರಿಸಿದರು. ನಮ್ಮದು ಬಹುಕಾಲ ಹೂಳು ತುಂಬಿಕೊಂಡು ಬಿದ್ದಿತ್ತು. ಅಲ್ಲಿ ಅದೇ ವಿದ್ಯೆ ಇಂದಿಗೂ ಮರಗಳ ಬೇರಿಗೆ ನೀರು ಮುಟ್ಟಿಸುತ್ತಿರುವುದನ್ನು ನೋಡಿದಾಗ ನನಗೆ ಹೊಟ್ಟೆಯೊಳಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಹೋಗುವ ಮುಂಚೆ ಒಮ್ಮೆ ನೌಬಾದಿಗೆ ಹೋಗಿ ಬನ್ನಿ, ಆಗ ಅಲ್ ಐನ್ ಚೆನ್ನಾಗಿ ಅರ್ಥವಾಗುತ್ತದೆ.

ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೂ ಹಣವಿಲ್ಲ. ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಮೈ ಮುಚ್ಚುವ ಬಟ್ಟೆ ಇರಬೇಕು, ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. 82 ಗುಮ್ಮಟಗಳ ಆ ಬಿಳುಪನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಪ್ರಾರ್ಥನಾ ಮಂದಿರದ ಕಂಬಗಳ ಹತ್ತಿರ ನಿಂತು ಮುತ್ತಿನ ಚಿಪ್ಪು ಕೂರಿಸಿದ ಕುಸುರಿಯನ್ನು ನೋಡಿ. ಬಿದರಿ ಕೆಲಸದಲ್ಲಿ ಬೆಳ್ಳಿ ಕೂರಿಸುವುದನ್ನು ಕಂಡ ಕಣ್ಣಿಗೆ ಆ ಕೈಗಳ ಶ್ರಮ ತಟ್ಟನೆ ತಿಳಿಯುತ್ತದೆ. ಅಬುಧಾಬಿಯ ಹೊರವಲಯದಲ್ಲೇ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕಲ್ಲಿನ ಹಿಂದೂ ಮಂದಿರವೂ ಇದೆ. ದುಬೈಯಲ್ಲಿದ್ದವರಿಗೆ ಜೆಬೆಲ್ ಅಲಿಯ ದೇವಸ್ಥಾನ ಹತ್ತಿರ.

ಸಮುದ್ರದ ಬಗ್ಗೆ ಗಟ್ಟಿಯಾಗಿ ಒಂದು ಮಾತು. ಭೀಮೆಯಲ್ಲಿ, ಕಾಗಿಣಾದಲ್ಲಿ, ಕೃಷ್ಣೆಯಲ್ಲಿ ಈಜಿ ಬೆಳೆದ ಧೈರ್ಯ ಅಲ್ಲಿ ನಡೆಯುವುದಿಲ್ಲ. ದಡದಲ್ಲಿ ಶಾಂತವಾಗಿ ಕಾಣುವ ನೀರು ಒಳಗೆ ಸೆಳೆಯುತ್ತದೆ. ಜೀವರಕ್ಷಕರು ಇರುವ ದಂಡೆಯಲ್ಲಿ, ಅವರು ಇರುವ ಹೊತ್ತಿನಲ್ಲಿ ಮಾತ್ರ ನೀರಿಗಿಳಿಯಿರಿ. ಕೆಂಪು ಬಾವುಟ ಕಂಡರೆ ಇಳಿಯಲೇಬೇಡಿ. ಬೆಟ್ಟದ ಹಳ್ಳಗಳ, ಅಲ್ಲಿನ ಮಾತಿನಲ್ಲಿ ವಾದಿಗಳ, ವಿಷಯವೂ ಹಾಗೆಯೇ. ಚಳಿಗಾಲದ ಮಳೆ ಬಂದಾಗ ವಾದಿಗಳು ಕ್ಷಣದಲ್ಲಿ ತುಂಬಿ ಬರುತ್ತವೆ. ಹರಿಯುವ ವಾದಿಗೆ ವಾಹನ ಇಳಿಸಿದರೆ 2,000 ದಿರ್ಹಮ್ ದಂಡ, ವಾಹನವೂ ಜಪ್ತಿ. ದಂಡಕ್ಕಿಂತ ಜೀವ ದೊಡ್ಡದು.

ಉಳಿದ ದಂಡಗಳನ್ನೂ ತಿಳಿದಿರಿ. ಮೆಟ್ರೊದಲ್ಲಿ ತಿಂದರೆ, ನೀರು ಕುಡಿದರೆ, ಹೆಂಗಸರ ಬೋಗಿಗೆ ಗಂಡಸರು ಹತ್ತಿದರೆ ನೂರು ದಿರ್ಹಮ್. ಗೆರೆಯಿಲ್ಲದ ಕಡೆ ರಸ್ತೆ ದಾಟಿದರೆ ನಾನೂರು. ಎಲೆ ಅಡಿಕೆ, ಗುಟ್ಕಾದ ಚಟವನ್ನು ಹೈದರಾಬಾದಿನಲ್ಲೇ ಬಿಟ್ಟು ವಿಮಾನ ಹತ್ತಿ. ರಸ್ತೆಯಲ್ಲಿ ಉಗುಳಿದರೂ ದಂಡವಿದೆ. ಅಪರಿಚಿತರ, ವಿಶೇಷವಾಗಿ ಹೆಂಗಸರ ಫೋಟೊ ತೆಗೆಯುವುದು ಅಪರಾಧ, ಹಿನ್ನೆಲೆಯಲ್ಲಿ ಬಿದ್ದರೂ ಎಚ್ಚರ.

ಕ್ರಿಕೆಟ್ ಆಡುವವರಿಗೆ ಒಂಟಿತನ ಬೇಗ ಕಳೆಯುತ್ತದೆ. ರಜೆಯ ಬೆಳಿಗ್ಗೆ ಖಾಲಿ ಮರಳು ನೆಲಗಳಲ್ಲಿ ಟೆನಿಸ್ ಚೆಂಡಿನ ಆಟ ನಡೆದೇ ಇರುತ್ತದೆ; ಹೋಗಿ ನಿಂತರೆ ಫೀಲ್ಡಿಂಗಿಗಾದರೂ ಕರೆಯುತ್ತಾರೆ. ಶಾರ್ಜಾ ಕ್ರೀಡಾಂಗಣಕ್ಕೆ ಒಮ್ಮೆಯಾದರೂ ಹೋಗಿ ಬನ್ನಿ. 1998ರ ಏಪ್ರಿಲ್‌ನಲ್ಲಿ ಮರಳುಗಾಳಿಯ ನಡುವೆ ಸಚಿನ್ ಆಸ್ಟ್ರೇಲಿಯಾ ವಿರುದ್ಧ 143 ಹೊಡೆದ ನೆಲ ಅದು.

ಗಂಡನ ಜೊತೆ ಬಂದು, ಅವನು ಕೆಲಸಕ್ಕೆ ಹೋದ ಮೇಲೆ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿಯುವ ತಂಗಿಯರಿಗೆ ಬೇರೆಯೇ ಹೇಳಬೇಕು. ಅವರಿಗೆ ವಾರವೆಲ್ಲ ರಜೆ, ಅದೇ ಕಷ್ಟ. ಒಬ್ಬರೇ ಹೊರಗೆ ಹೋಗಲು ಅಲ್ಲಿ ಭಯವಿಲ್ಲ. ಮೆಟ್ರೊದಲ್ಲಿ ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಬೋಗಿ ಇದೆ, ಹೆಂಗಸರೇ ಓಡಿಸುವ ಟ್ಯಾಕ್ಸಿಗಳಿವೆ. ನಿಮ್ಮದೇ ನೋಲ್ ಕಾರ್ಡ್ ಇಟ್ಟುಕೊಳ್ಳಿ, ಗಂಡನ ರಜೆಗೆ ಕಾಯಬೇಡಿ.

ಕನ್ನಡದವರ ಸಂಗವೂ ಸಿಗುತ್ತದೆ. ಶಾರ್ಜಾ ಮತ್ತು ಅಬುಧಾಬಿಯಲ್ಲಿ ಕರ್ನಾಟಕ ಸಂಘಗಳಿವೆ, ರಾಜ್ಯೋತ್ಸವ ಜೋರಾಗಿ ನಡೆಯುತ್ತದೆ. ಕರಾವಳಿಯವರ ಸಂಖ್ಯೆ ಹೆಚ್ಚು; ನಮ್ಮ ಮಾತಿನ ಧಾಟಿ ಕೇಳಿ ಮೊದಮೊದಲು ಅವರಿಗೆ ಕುತೂಹಲ, ನಮಗೆ ಸಂಕೋಚ. ಸಂಕೋಚ ಬಿಟ್ಟು ಮಾತಾಡಿ, ಒಳ್ಳೆಯ ಜನ. ಆದರೆ ನಮ್ಮ ಹಬ್ಬಗಳನ್ನು ನಾವೇ ಮಾಡಿಕೊಳ್ಳಬೇಕು. ಎಳ್ಳಮಾವಾಸ್ಯೆಯನ್ನು ಬಿಡಬೇಡಿ. ಡಿಸೆಂಬರ್, ಜನವರಿಯ ಆ ಹೊತ್ತಿಗೆ ಅಲ್ಲಿ ಹವೆ ಬಲು ಹಿತ. ಚರಗ ಚೆಲ್ಲಲು ನಮ್ಮ ಹೊಲವಿಲ್ಲದಿದ್ದರೂ ಮಮ್ಜರ್, ಜಬೀಲ್‌ನಂಥ ಉದ್ಯಾನಗಳಿವೆ, ತಲೆಗೆ 5 ದಿರ್ಹಮ್. ಹಸಿ ಕಾಳು, ಸೊಪ್ಪು, ಕಾಯಿಪಲ್ಲೆ ಕೂಡಿಸಿದ ಭಜ್ಜಿಯನ್ನು ಒಂದು ಮನೆಯವರು, ಸಜ್ಜೆ ರೊಟ್ಟಿಯನ್ನು ಇನ್ನೊಂದು ಮನೆಯವರು, ಶೇಂಗಾ ಹಿಂಡಿ, ಮೊಸರನ್ನು ರೂಮಿನ ಹುಡುಗರು ತಂದರೆ ಊಟ ತುಂಬುತ್ತದೆ. ಜೋಳ, ಸಜ್ಜೆ ಹಿಟ್ಟು ಬರ್ ದುಬೈ, ಕರಾಮಾದ ಅಂಗಡಿಗಳಲ್ಲಿ ಸಿಗುತ್ತವೆ. ಒಲೆ ಹೂಡುವುದಾದರೆ ಅದಕ್ಕೆಂದು ಗುರುತಿಸಿದ ಜಾಗದಲ್ಲಿ ಮಾತ್ರ. ಎದ್ದು ಬರುವಾಗ ಒಂದು ಎಲೆಯನ್ನೂ ಉಳಿಸದೆ ಗುಡಿಸಿ ಬನ್ನಿ.

ಕೈ ಸ್ವಲ್ಪ ಸಡಿಲವಾದ ಮೇಲೆ ಅವ್ವ ಅಪ್ಪನನ್ನು ಕರೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಕರೆಸಿ. ದಿನಕ್ಕೆ ಒಂದೇ ಜಾಗ ತೋರಿಸಿ, ಮಂಡಿನೋವಿನವರನ್ನು ಮಾಲ್‌ಗಳಲ್ಲಿ ಮೈಲಿಗಟ್ಟಲೆ ನಡೆಸಬೇಡಿ. ಅಬ್ರಾದಲ್ಲಿ ಕೂರಿಸಿ, ಅಲ್ ಐನ್ ತೋಟಕ್ಕೆ ಕರೆದೊಯ್ಯಿರಿ. ರೈತರ ಮನೆಯವರಿಗೆ ಕಟ್ಟಡಗಳಿಗಿಂತ ಅದೇ ಹಿಡಿಸುತ್ತದೆ. ಅವರು ಗಂಟು ಕಟ್ಟುವ ಮೊದಲೇ ಫೋನಿನಲ್ಲಿ ಹೇಳಿಬಿಡಿ: ಗಸಗಸೆ ಒಂದು ಕಾಳೂ ಬರಬಾರದು, ಮಸಾಲೆ ಪುಡಿಯಲ್ಲಿ ಬೆರೆಸಿದ್ದೂ ಬೇಡ. ಆ ದೇಶದಲ್ಲಿ ಅದು ಮಾದಕ ವಸ್ತುವಿನ ಲೆಕ್ಕದಲ್ಲಿ ನಿಷಿದ್ಧ, ಜೈಲಿಗೆ ಹೋದವರಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ ಎಷ್ಟು ತಂದರೂ ತರಲಿ.