ಪೆನ್ನಿ ಹರಾಜಿನಲ್ಲಿ ಬಿಡ್ ಹಾಕಿ ನಾನು ಕಲಿತದ್ದು

ಇಂಟರ್ನೆಟ್ಟಿನ ಒಂದು ಹರಾಜು ಸೈಟಿನಲ್ಲಿ ಮೊದಲ ರಾತ್ರಿಯೇ ನೂರು ಬಿಡ್, ಅಂದರೆ ನೂರು ಸವಾಲು, ಖಾಲಿ ಮಾಡಿಕೊಂಡೆ. ಕೈಗೆ ಏನೂ ಬರಲಿಲ್ಲ.

ಕಣ್ಣಿಟ್ಟಿದ್ದು ಒಂದು ಕ್ಯಾಮೆರಾ ಮೇಲೆ. ಹೊರಗೆ ಅಂಗಡಿಯಲ್ಲಿ 210 ಡಾಲರ್. ಇಲ್ಲಿ ಹರಾಜಿನ ಬೆಲೆ 11 ಡಾಲರ್ 42 ಸೆಂಟ್ ಅಂತ ತೋರಿಸುತ್ತಿತ್ತು, ಪಕ್ಕದಲ್ಲಿ ಹತ್ತು ಸೆಕೆಂಡಿನ ಟೈಮರ್ ಓಡುತ್ತಿತ್ತು. ಯಾರಿಗೆ ಬೇಡ ಹೇಳಿ? 60 ಡಾಲರ್ ಕೊಟ್ಟು ನೂರು ಬಿಡ್‌ಗಳ ಪ್ಯಾಕ್ ಕೊಂಡೆ. ಒಂದು ಬಿಡ್‌ಗೆ 60 ಸೆಂಟ್ ಬಿತ್ತು.

ಮಾಮೂಲಿ ಹರಾಜಿನಲ್ಲಿ ಸವಾಲು ಕೂಗಿ ಸೋತರೆ ದುಡ್ಡು ಜೇಬಲ್ಲೇ ಇರುತ್ತದೆ. ಗಂಟಲು ಒಣಗಿದ್ದಷ್ಟೇ ನಷ್ಟ. ಇಲ್ಲಿ ಕೂಗುವುದಕ್ಕೇ ದುಡ್ಡು. ಬಟನ್ ಒತ್ತಿದ ಪ್ರತಿ ಸಲವೂ 60 ಸೆಂಟ್ ಹೋಯಿತು ಅಂತಲೇ ಲೆಕ್ಕ, ಗೆದ್ದರೂ ಸೋತರೂ ವಾಪಸ್ ಇಲ್ಲ. ಒಂದು ಬಿಡ್‌ಗೆ ವಸ್ತುವಿನ ಬೆಲೆ ಒಂದೇ ಒಂದು ಸೆಂಟ್ (ಪೆನ್ನಿ ಅಂದರೆ ಇದೇ) ಏರುತ್ತದೆ, ಟೈಮರ್ ಮತ್ತೆ ಹತ್ತಕ್ಕೆ ಹೋಗುತ್ತದೆ. ಅದು ಸೊನ್ನೆ ಮುಟ್ಟಿದಾಗ ಕೊನೆಯ ಬಿಡ್ ಯಾರದೋ ಅವರು ಗೆದ್ದಂತೆ. ಗೆದ್ದವರು ಹರಾಜಿನ ಬೆಲೆಯನ್ನೂ ಸಾಗಣೆ ಖರ್ಚನ್ನೂ ಬೇರೆ ಕಟ್ಟಬೇಕು. ಬಿಡ್‌ನ ದರ, ಟೈಮರ್‌ನ ಸೆಕೆಂಡು ಒಂದೊಂದು ಸೈಟಿನಲ್ಲಿ ಒಂದೊಂದು ಥರ ಇರುತ್ತವೆ. ನಾನು ಹೇಳುತ್ತಿರುವುದು ನಾನು ಆಡಿದ ಸೈಟಿನ ಲೆಕ್ಕ.

ಆ ರಾತ್ರಿ ಟೈಮರ್ ಎರಡಕ್ಕೆ ಇಳಿದಾಗ ಒತ್ತುತ್ತಿದ್ದೆ. ನನ್ನ ಹೆಸರು ಮೇಲೆ ಬರುತ್ತಿತ್ತು. ಆರು, ಐದು, ನಾಲ್ಕು... ಉಸಿರು ಬಿಗಿ ಹಿಡಿದು ಕೂತಿರುತ್ತಿದ್ದೆ. ಸರಿಯಾಗಿ ಒಂದಕ್ಕೆ ಬಂದಾಗ ಇನ್ನೊಂದು ಹೆಸರು ಬಂದು ಕೂರುತ್ತಿತ್ತು. ಪ್ರತಿ ಸಲವೂ ಅದೇ ಹೆಸರು, ಪ್ರತಿ ಸಲವೂ ಒಂದರಲ್ಲೇ. ಮನುಷ್ಯರ ಬೆರಳು ಅಷ್ಟು ಕರಾರುವಾಕ್ಕಾಗಿ ಇರಲ್ಲ ಅಲ್ವಾ? ಅದು ಆಟೋ ಬಿಡ್. ಇಷ್ಟು ಬಿಡ್ ಮುಗಿಯುವವರೆಗೂ ಹಾಕ್ತಾ ಇರು ಅಂತ ಸೈಟಿಗೆ ಹೇಳಿಟ್ಟು ಆ ಮನುಷ್ಯ ಬಹುಶಃ ಮಲಗಿಬಿಟ್ಟಿದ್ದ. ಅರ್ಧ ಗಂಟೆ ಹತ್ತಿರ ನಾವಿಬ್ಬರೇ ಗುದ್ದಾಡಿದೆವು. ನನ್ನವು ನೂರು, ಅವರವು ನೂರು. ಬೆಲೆ ಏರಿದ್ದು ಬರೀ 2 ಡಾಲರ್. ಅಷ್ಟರಲ್ಲಿ ಸೈಟಿನವರ ಜೇಬಿಗೆ 120 ಡಾಲರ್ ಇಳಿದಿತ್ತು.

ಸುಮಾರು ಎಪ್ಪತ್ತನೇ ಬಿಡ್ ಹೊತ್ತಿಗೇ ಇದು ಆಗುವ ಹೋಗುವ ಮಾತಲ್ಲ ಅಂತ ಗೊತ್ತಾಗಿತ್ತು. ಆದರೂ ಕೈ ನಿಲ್ಲಲಿಲ್ಲ. ಇಷ್ಟೊಂದು ಸುರಿದಿದ್ದೀನಿ, ಈಗ ಬಿಟ್ಟರೆ ಅಷ್ಟೂ ದಂಡ ಅಲ್ವಾ ಅನ್ನುವ ಹಟ. ಇದು ನನ್ನೊಬ್ಬನ ರೋಗ ಅಂದುಕೊಂಡಿದ್ದೆ. ಆಮೇಲೆ ಓದಿ ನೋಡಿದರೆ, ನೆಡ್ ಆಗೆನ್‌ಬ್ಲಿಕ್ ಎಂಬ ಅರ್ಥಶಾಸ್ತ್ರಜ್ಞರು ಇಂಥ 1,66,000 ಹರಾಜುಗಳ ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದ್ದಾರೆ. ಸೈಟಿನವರ ಸರಾಸರಿ ಲಾಭ ಶೇ. 50ಕ್ಕಿಂತ ಜಾಸ್ತಿ. ಆಗೆನ್‌ಬ್ಲಿಕ್ ಕೊಡುವ ಕಾರಣವೂ ಇದೇ: ಹೋದ ದುಡ್ಡಿನ ಹಿಂದೆ ಓಡುವುದು. ಹೀಗಿದ್ದೂ, 2005ರಲ್ಲಿ ಜರ್ಮನಿಯಲ್ಲಿ ಟೆಲಿಬಿಡ್ ಅಂತ ಶುರುವಾಗಿ ಸ್ವೂಪೋ ಹೆಸರಲ್ಲಿ ಮೆರೆದ, ಇಂಥದೇ ಹರಾಜು ನಡೆಸುತ್ತಿದ್ದ ದೊಡ್ಡ ಕಂಪನಿ 2011ರಲ್ಲಿ ದಿವಾಳಿ ಎದ್ದಿತು ಅನ್ನುವುದು ನನಗೆ ಇವತ್ತಿಗೂ ತಮಾಷೆ ಅನ್ನಿಸುತ್ತದೆ.

ಎರಡನೇ ಪ್ಯಾಕ್ ಕೊಳ್ಳುವ ಮೊದಲು ಒಂದು ವಾರ ಸುಮ್ನೆ ನೋಡಿದೆ. ಒಂದೇ ಮಾದರಿಯ ಹೆಡ್‌ಫೋನ್ ದಿನಾ ಹರಾಜಿಗೆ ಬರುತ್ತಿತ್ತು. ಎಷ್ಟಕ್ಕೆ ಮುಗಿಯಿತು ಅಂತ ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದೆ. 3.17. 28.90. 0.64. 11.05. 19.88. ತಲೆಬುಡ ಇಲ್ಲ. ನಡುರಾತ್ರಿ ಜನ ಕಡಿಮೆ ಇರುತ್ತಾರೆ, ಆಗ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಕೇಳಿದವರೆಲ್ಲ ನಡುರಾತ್ರಿಯಲ್ಲೇ ಕೂತಿರುತ್ತಾರೆ ನೋಡಿ! ಮುಗಿಯುವ ಬೆಲೆಯನ್ನು ಊಹಿಸುವ ಕೆಲಸ ಅಲ್ಲಿಗೇ ಬಿಟ್ಟೆ.

ಬೆಲೆಗಿಂತ ಹೆಸರುಗಳನ್ನು ಬರೆದಿದ್ದು ಉಪಯೋಗಕ್ಕೆ ಬಂತು. ಏನೇ ಆದರೂ ಬಿಡದ ಮೂರು ನಾಲ್ಕು ಜನ ಇದ್ದರು. ಅವರು ಒಳಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಶುರುವಿನ ನೂಕುನುಗ್ಗಲಲ್ಲೂ ಬಿಡ್ ಹಾಕುತ್ತಿರಲಿಲ್ಲ, ಅಲ್ಲಿ ಹಾಕಿದ್ದೆಲ್ಲ ನೀರಿನಲ್ಲಿ ಹೋಮ. ಇಬ್ಬರೇ ಉಳಿದು, ಅವರಲ್ಲೊಬ್ಬರು ತಡವರಿಸಲು ಶುರುಮಾಡಿದಾಗ ಒಳಗೆ ಹೋಗುತ್ತಿದ್ದೆ. ಕೆಲವು ಸೈಟುಗಳಲ್ಲಿ ಬೆಲೆ ಒಂದು ಮಟ್ಟ ದಾಟಿದ ಮೇಲೆ ಹೊಸಬರನ್ನು ಸೇರಿಸುವುದಿಲ್ಲ. ಅಲ್ಲಿ ಈ ಉಪಾಯ ನಡೆಯಲ್ಲ.

ನಿಜವಾಗಿ ನನ್ನನ್ನು ಉಳಿಸಿದ್ದು ‘ಈಗಲೇ ಕೊಳ್ಳಿ’ ಅನ್ನುವ ಬಟನ್. ಸೋತವರು ತಾವು ಹಾಕಿದ ಬಿಡ್‌ಗಳ ದುಡ್ಡನ್ನು ಕಳೆದು, ಉಳಿದದ್ದನ್ನು ಕಟ್ಟಿ ಅದೇ ವಸ್ತುವನ್ನು ಕೊಳ್ಳಬಹುದು. ಮೊದಲ ರಾತ್ರಿ ನನಗೆ ಇದು ಗೊತ್ತೇ ಇರಲಿಲ್ಲ. ಆ ಕ್ಯಾಮೆರಾಕ್ಕೆ ಸೈಟಿನಲ್ಲಿ ಹಾಕಿದ್ದ ಬೆಲೆ 250. ನನ್ನ 60 ಕಳೆದರೆ 190 ಕಟ್ಟಬೇಕಿತ್ತು. ಅಂದರೆ ಒಟ್ಟು 250 ಕೊಟ್ಟು 210ರ ವಸ್ತು ತಂದ ಹಾಗೆ. ನಷ್ಟ 60ರ ಬದಲು 40 ಆಗುತ್ತಿತ್ತು. ಹಾಗಾಗಿ ಹರಾಜಿಗೆ ಇಳಿಯುವ ಮೊದಲೇ ಸೈಟಿನ ಬೆಲೆಗೂ ಹೊರಗಿನ ಬೆಲೆಗೂ ಎಷ್ಟು ವ್ಯತ್ಯಾಸ ಅಂತ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ವ್ಯತ್ಯಾಸ ಐದು ಡಾಲರ್ ಇದ್ದರೆ ಸೋತರೂ ಹೋಗುವುದು ಐದೇ. ಆದರೆ ಇದು ನಡೆಯುವುದು ಹೇಗಿದ್ದರೂ ಕೊಳ್ಳಬೇಕು ಅಂತಿದ್ದ ವಸ್ತುವಿಗೆ ಮಾತ್ರ. ಬಟನ್‌ಗೆ ಗಡುವು ಇರುತ್ತದೆ, ಪುಕ್ಕಟೆ ಸಿಕ್ಕ ಬಿಡ್‌ಗಳನ್ನು ಕಳೆಯಲು ಬಿಡುವುದಿಲ್ಲ. ನಿಯಮದ ಸಣ್ಣ ಅಕ್ಷರ ಓದದೆ ಇಲ್ಲೂ ಒಂದು ಸಲ ಏಟು ತಿಂದೆ.

ಹೆಡ್‌ಫೋನ್ ಕೊನೆಗೂ ಗೆದ್ದೆ. ನನ್ನ ಮಿತಿ 50 ಬಿಡ್ ಅಂತ ಮೊದಲೇ ಪುಟದ ಮೇಲೆ ಬರೆದಿಟ್ಟಿದ್ದೆ. 38ನೇ ಬಿಡ್ ಹಾಕಿದೆ. ಟೈಮರ್ ಮೂರು, ಎರಡು, ಒಂದು. ಯಾರೂ ಬರಲಿಲ್ಲ. ಮುಗಿದದ್ದು 9.41ಕ್ಕೆ. ಬಿಡ್‌ಗಳಿಗೆ 22.80, ಸಾಗಣೆಗೆ 6.99, ಎಲ್ಲ ಸೇರಿ 39.20. ಹೊರಗೆ ಅದರ ಬೆಲೆ 70. ಖುಷಿಯಿಂದ ಕುಣಿದೆ ಅಂತಲೇ ಅಂದುಕೊಳ್ಳಿ.

ಮಾರನೇ ದಿನ ಅದೇ ಪುಟದಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ಬೆಲೆ 9.41 ತಲುಪಿದೆ ಅಂದರೆ ಒಟ್ಟು 941 ಬಿಡ್ ಬಿದ್ದಿವೆ. ಎಲ್ಲರೂ 60 ಸೆಂಟೇ ಕೊಟ್ಟಿದ್ದರೆ 564.60 ಡಾಲರ್. ಅದರಲ್ಲಿ ನನ್ನದು 22.80. ಉಳಿದ 541.80 ಡಾಲರನ್ನು ಯಾರ್‍ಯಾರೋ 70 ಡಾಲರಿನ ಒಂದು ಹೆಡ್‌ಫೋನಿಗಾಗಿ ಸುರಿದು ಹೋಗಿದ್ದರು. ಮೊದಲ ರಾತ್ರಿಯ ನಾನೂ ಅಂಥವರಲ್ಲೊಬ್ಬ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಜನರಿಗೆ ಎಚ್ಚರಿಕೆ ಕೊಡುವಾಗ ಇದನ್ನು ಲಾಟರಿಗೆ ಹೋಲಿಸಿತ್ತು. ಆಗ ಅದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತ್ತು, ಆ ಪುಟ ಬರೆದ ಮೇಲೆ ಹಾಗೆ ಅನ್ನಿಸಲಿಲ್ಲ.

ಆರು ತಿಂಗಳಲ್ಲಿ 23 ಹರಾಜು, ಗೆದ್ದದ್ದು 3. ‘ಈಗಲೇ ಕೊಳ್ಳಿ’ ಒತ್ತಿ ತಂದದ್ದನ್ನೂ ಸೇರಿಸಿದರೆ, ಎಲ್ಲವನ್ನೂ ಅಂಗಡಿಯಲ್ಲೇ ಕೊಂಡಿದ್ದರೆ ಆಗುತ್ತಿದ್ದುದಕ್ಕಿಂತ 17 ಡಾಲರ್ ಜಾಸ್ತಿ ಖರ್ಚಾಗಿದೆ. ಕೂತ ಗಂಟೆಗಳನ್ನು ನಾನು ಬರೆದಿಡಲಿಲ್ಲ. ಖಾತೆಯಲ್ಲಿ ಇನ್ನೂ 12 ಬಿಡ್ ಉಳಿದಿವೆ. ಅವು ಹಾಗೇ ಇವೆ.