ಬಿಸಿಯೂಟದ ಕಾಳು ಮಕ್ಕಳ ಹೊಟ್ಟೆ ಸೇರಿದ ಬಗೆ

ಅರಸೀಕೆರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಉಸ್ತುವಾರಿ ನನ್ನದು. ಮಕ್ಕಳು ಕಾಳು ತಿನ್ನಲ್ಲ ಅನ್ನೋರಿಗೆ ನಾನು ಹೇಳೋದಿಷ್ಟೆ, ಮೊದಲು ಆ ಕಾಳನ್ನ ನೀವೇ ಬಾಯಿಗೆ ಹಾಕಿ ನೋಡಿ.

ನಮ್ಮಲ್ಲಿ ತಟ್ಟೆ ತೊಳೆಯೋ ಜಾಗದಲ್ಲಿ ಅಲಸಂದೆ, ಕಡಲೆಕಾಳು ರಾಶಿ ಬೀಳುತ್ತಿತ್ತು. ಅನ್ನ, ಸಾರು ಖಾಲಿ, ಕಾಳು ಮಾತ್ರ ಹಾಗೇ. ಐದನೇ ಕ್ಲಾಸಿನವರೆಗಿನ ಮಗುವಿಗೆ ದಿನಕ್ಕೆ 20 ಗ್ರಾಂ, ಆರರಿಂದ ಎಂಟರವರಿಗೆ 30 ಗ್ರಾಂ ಬೇಳೆಕಾಳು ಅಂತ ನಿಗದಿ. ಅದೂ ಚರಂಡಿ ಪಾಲಾದರೆ ಹೊಟ್ಟೆ ಉರಿಯುತ್ತೆ ಅಲ್ವಾ? ಮೂರನೇ ಕ್ಲಾಸಿನ ಒಬ್ಬಳನ್ನ ಕೇಳಿದೆ. "ಒಳಗೆ ಗಟ್ಟಿ ಐತೆ ಸಾರ್" ಅಂದಳು. ಒಂದು ಕಾಳು ತಗೊಂಡು ಹಿಸುಕಿದೆ. ಸಿಪ್ಪೆ ಕಳಚಿತು, ಬೇಳೆ ಮಾತ್ರ ಹಿಸುಕಿದರೂ ಮಣಿಯಲಿಲ್ಲ.

ಕಾರಣ ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣದ ಅಂಶ ಕಾಳನ್ನ ಮೆತ್ತಗಾಗೋಕೆ ಬಿಡಲ್ಲ. ಅಡುಗೆ ಅಕ್ಕಂದಿರ ಜೊತೆ ಕೂತು ಮಾತಾಡಿ, ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್‌ನಲ್ಲಿ ನೀರು ತಂದು ರಾತ್ರಿಯೇ ನೆನೆಹಾಕೋದು, ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸೋದು, ಹುಣಸೆಹುಳಿ, ಟೊಮೆಟೊ ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೇ ಹಾಕೋದು ಅಂತ ಮಾಡಿಕೊಂಡೆವು. ಹುಳಿ ಮೊದಲೇ ಬಿದ್ದರೆ ಎಷ್ಟು ಉರಿ ಕೊಟ್ಟರೂ ಕಾಳು ಬೇಗ ಬೇಯಲ್ಲ. ನೆನೆಸಿದ ನೀರು ಚೆಲ್ಲಿದ್ದರಿಂದ ಹೊಟ್ಟೆ ಉಬ್ಬರದ ದೂರೂ ಕಡಿಮೆಯಾಯಿತು.

ಆಮೇಲೆ ಮಕ್ಕಳ ಕೈಗೇ ಕಾಳು ಕೊಟ್ಟೆ. ಹೆಸರುಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಡೋದು ಅವರ ಕೆಲಸ. ಮಾರನೇ ದಿನ ಗಂಟು ಬಿಚ್ಚೋಕೆ ಜಗಳ! ಮೊಳಕೆಯನ್ನ ಸ್ವಲ್ಪ ಬೇಯಿಸಿ ಕಾಯಿತುರಿ, ನಿಂಬೆರಸ ಹಾಕಿ ಕಲಸಿ ಕೊಟ್ಟರೆ ಬೋಗುಣಿ ಖಾಲಿ. ನಿಂಬೆಹುಳಿ ಇದ್ದರೆ ಕಾಳಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತೆ, ಅದನ್ನೂ ಅವರಿಗೆ ಹೇಳಿಯೇ ಹಿಂಡಿಸುತ್ತೇನೆ.

ಸೊಗಡಿನ ಅವರೆಕಾಯಿ ಕಾಲದಲ್ಲಂತೂ ಹೇಳೋದೇ ಬೇಡ. ನೆನೆದ ಕಾಳನ್ನ ಎರಡು ಬೆರಳಲ್ಲಿ ಹಿಚುಕಿದರೆ ಬೇಳೆ ಪುಳಕ್ಕನೆ ಹಾರಿ ಪಕ್ಕದವನ ಮೈಮೇಲೆ ಬೀಳುತ್ತೆ, ಎಲ್ಲರೂ ನಗ್ತಾರೆ. ತಾವೇ ಹಿಚುಕಿದ ಬೇಳೆ ಸಾರನ್ನ ಯಾರೂ ಬಿಡಲ್ಲ.

ಹುರುಳಿ ಮಾತ್ರ ಇನ್ನೂ ದೊಡ್ಡ ಮಕ್ಕಳಿಗಷ್ಟೇ ಇಷ್ಟ. ಚಿಕ್ಕವರಿಗೆ ಬೆಂದ ಕಾಳಲ್ಲಿ ಅರ್ಧ ರುಬ್ಬಿ ಸಾರಿಗೇ ಸೇರಿಸುತ್ತಿದ್ದೇವೆ. ಕಾಯಿ ಸ್ವಲ್ಪ ಜಾಸ್ತಿ ಬಿದ್ದ ದಿನ ಅವರೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.