ಸಣ್ಣ ಆಕ್ಸಿಡೆಂಟ್ ಆದಾಗ ಪೊಲೀಸರ ಮುಂದೆ ಏನು ಹೇಳಬೇಕು?

ಹೋದ ವರ್ಷ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಬ್ಬರು ಗುದ್ದಿದರು. ಬಂಪರ್ ಜಜ್ಜಿತ್ತು, ಎಡಗಡೆ ಲೈಟು ಪುಡಿಪುಡಿ. ಯಾರಿಗೂ ಪೆಟ್ಟಾಗಿರಲಿಲ್ಲ. ಮೊದಲು ನೋಡಬೇಕಾದ್ದು ಅದನ್ನೇ. ಗಾಡಿ ಪಕ್ಕಕ್ಕೆ ತೆಗೆಯುವ ಮೊದಲು ಬೇಗ ಫೋಟೊ ತೆಗೆದುಕೊಳ್ಳಿ: ಎರಡೂ ನಂಬರ್ ಪ್ಲೇಟ್, ಜಜ್ಜಿದ ಜಾಗ, ಸ್ವಲ್ಪ ದೂರದಿಂದ ರಸ್ತೆ. ನಾನು ಬಂಪರ್‌ದೇ ಹತ್ತು ಫೋಟೊ ತೆಗೆದು, ಸಿಗ್ನಲ್ ಕಂಬವನ್ನೇ ಮರೆತಿದ್ದೆ!

ಲೈಸೆನ್ಸ್, ಇನ್ಶೂರೆನ್ಸ್, ಗಾಡಿ ಕಾಗದ ಕೈಯಲ್ಲೇ ಇರಲಿ. ಪೊಲೀಸರಿಗೆ ಕಂಡದ್ದನ್ನು ಮಾತ್ರ ಹೇಳಿ. "ನಾನು ನಿಂತಿದ್ದೆ, ಹಿಂದಿನಿಂದ ಗುದ್ದಿದರು." ಇಷ್ಟು ಸಾಕು. ಗುದ್ದಿದವರ ಸ್ಪೀಡ್ ಎಷ್ಟಿತ್ತು ಎಂದು ಪೊಲೀಸರು ಕೇಳಿದಾಗ ನಾನು ಬಾಯಿಗೆ ಬಂದ ನಂಬರ್ ಹೇಳಿಬಿಟ್ಟೆ. ಕನ್ನಡಿ ಕಡೆ ನೋಡೇ ಇರಲಿಲ್ಲ, ಹೇಗೆ ಗೊತ್ತಾಗಬೇಕು ಅಲ್ವಾ? ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಅನ್ನಿ. ಗಾಬರಿಯಲ್ಲಿ ಸುಮ್ನೆ "ನನ್ನದೇ ತಪ್ಪು" ಅಂತಲೂ ಒಪ್ಪಿಕೊಳ್ಳಬೇಡಿ. ಎದುರಿನವರ ಜೊತೆ ಜಗಳವಂತೂ ಬೇಡವೇ ಬೇಡ.

ಪೊಲೀಸರು ಬರೆದುಕೊಂಡ ಹೇಳಿಕೆಯನ್ನು ಪೂರ್ತಿ ಓದಿಯೇ ಸಹಿ ಹಾಕಿ. ನನ್ನದರಲ್ಲಿ ಎಡಗಡೆ ಲೈಟು ಬಲಗಡೆಗೆ ಹೋಗಿತ್ತು. ಹೇಳಿದ ಕೂಡಲೇ ತಿದ್ದಿದರು. ಹೊರಡುವಾಗ ಅಧಿಕಾರಿಯ ಹೆಸರು, ಠಾಣೆ, ದೂರಿನ ನಂಬರ್ ಬರೆದುಕೊಳ್ಳಿ. ಇನ್ಶೂರೆನ್ಸ್‌ನವರು ನನ್ನನ್ನು ಮೊದಲು ಕೇಳಿದ್ದೇ ಆ ನಂಬರನ್ನು.